ಉಪ್ಪಿನ ಬಾನಿ ಕೆಂಪಾದ ಬೇಸಿಗೆ

ದಾವಣಗೆರೆಯಲ್ಲಿ ಹುಟ್ಟಿ, ಮಂಡಕ್ಕಿ ಭಟ್ಟಿಯ ಮನೆಯಲ್ಲೇ ಬೆಳೆದು, ಮಂಡಕ್ಕಿ ಬಾಯಿಗಿಡದವಳು ಯಾರಾದರೂ ಇದ್ದರೆ ಅದು ನಾನೊಬ್ಬಳೇ ಇರಬೇಕು. ಹೋದ ತಿಂಗಳು ದೇವರಾಜ ಅರಸು ಬಡಾವಣೆಯಲ್ಲಿ ನೆಂಟರೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದೆ. ಸಂಜೆ ಮನೆಯ ಹುಡುಗಿಯೊಬ್ಬಳು ತಟ್ಟೆ ತುಂಬ ಖಾರ ಮಂಡಕ್ಕಿ, ಪಕ್ಕಕ್ಕೆ ಎರಡು ಮೆಣಸಿನಕಾಯಿ ಬಜ್ಜಿ ಇಟ್ಟುಕೊಂಡು ಬಂದಳು. "ತಗೋರಿ ಅಜ್ಜಿ, ಈಗ ಭಟ್ಟಿಯಿಂದ ತಂದಿದ್ದು, ಇನ್ನೂ ಬೆಚ್ಚಗೈತೆ" ಅಂದಳು. ಬೇಡ ಅಂದೆ. "ಹಲ್ಲಿಗೆ ಆಗಲ್ವೇನ್ರಿ?" ಅಂತ ಕೇಳಿದಳು. ಎಂಬತ್ತಾದರೂ ನನ್ನ ಹಲ್ಲು ಗಟ್ಟಿ ಇವೆ. ಆಗದಿರುವುದು ವಾಸನೆ. ಕಾದ ಮರಳಿಗೆ ಉಪ್ಪು ಹಿಡಿದ ಅಕ್ಕಿ ಬಿದ್ದಾಗ ಏಳುವ ಆ ವಾಸನೆ ಮೂಗಿಗೆ ಬಡಿದರೆ ನನಗೆ ಹಾಲಮ್ಮ ಅತ್ತಿಗೆಯ ನೆನಪು ಬರುತ್ತದೆ, ಅದರ ಹಿಂದೆಯೇ ನನ್ನ ಮೇಲೆ ನನಗೇ ಹೇಸಿಗೆ ಬರುತ್ತದೆ. ಮಂಡಕ್ಕಿ ಗಂಟಲಲ್ಲಿ ಇಳಿಯುವುದಿಲ್ಲ.

ಅದು ಅರವತ್ತರ ದಶಕದ ನಡುವಿನ ಒಂದು ಬೇಸಿಗೆ. ನಮ್ಮ ಮನೆಯ ಹಿತ್ತಲಿಗೇ ಅಂಟಿಕೊಂಡು ಅಪ್ಪನ ಭಟ್ಟಿ. ಭತ್ತದ ಹೊಟ್ಟು ಉರಿಸುವ ಒಲೆ, ಅದರ ಮೇಲೆ ಬಾಣಲೆ, ಬಾಣಲೆಯಲ್ಲಿ ಕರೀ ಮರಳು. ಅಕ್ಕಿಗೆ ಉಪ್ಪುನೀರು ಬೆರೆಸಿ, ಒಣಗಿಸಿ, ಕಾದ ಮರಳಿಗೆ ಸುರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅರಳಿ ಮೇಲೆ ಬರುತ್ತದೆ. ಹುರಿಯುವ ಕೆಲಸ ಖಾದರ್ ಸಾಬರದ್ದು. ಹೊರಗಡೆಯೇ ತಲೆ ಬಿರಿಯುವ ಬಿಸಿಲಿರುವಾಗ ಅವರು ಆ ಒಲೆಯ ಮುಂದೆ ಬೆಳಗಿನಿಂದ ಮಧ್ಯಾಹ್ನದವರೆಗೆ ನಿಲ್ಲುತ್ತಿದ್ದರು. ಉಪ್ಪುನೀರಿಗೆ ಅಂತ ನೆಲದಲ್ಲಿ ಅರ್ಧ ಹೂತ ಮಣ್ಣಿನ ದೊಡ್ಡ ಬಾನಿಯೊಂದಿತ್ತು. ಅದರ ತಳದಲ್ಲಿ ಯಾವಾಗಲೂ ಕರಗದ ಕಲ್ಲುಪ್ಪು ಒಂದು ಗೇಣು ಇರಬೇಕು, ಅಷ್ಟು ಗಟ್ಟಿ ನೀರು. ಆ ಬಾನಿ ನೋಡಿಕೊಳ್ಳುವುದು ಮನೆಯ ಸೊಸೆಯ ಕೆಲಸ. ನಮ್ಮಣ್ಣ ಕೊಟ್ರೇಶನನ್ನು ಮದುವೆಯಾಗಿ ಹರಿಹರದಿಂದ ಬಂದ ಹಾಲಮ್ಮ ಅತ್ತಿಗೆ ನಾಲ್ಕು ವರ್ಷದಿಂದ ಅದಕ್ಕೆ ಉಪ್ಪು ಸುರಿದು, ನೀರು ಹೊಯ್ದು, ಕೋಲಿನಿಂದ ತಿರುವುತ್ತಿದ್ದಳು. ನಾಲ್ಕು ವರ್ಷವಾದರೂ ಮಕ್ಕಳಾಗಿರಲಿಲ್ಲ. ಅವ್ವ ಇದನ್ನು ಯಾರಿಗೂ ಹೇಳುತ್ತಿರಲಿಲ್ಲ, ಎಲ್ಲರಿಗೂ ಕೇಳುವ ಹಾಗೆ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಇನ್ನೊಂದು ಮಾತು ಹೇಳಿಬಿಡಬೇಕು. ನಮ್ಮದು ಲಿಂಗ ಕಟ್ಟಿದ ಮನೆ. ಲಿಂಗ ಕಟ್ಟಿದವರಿಗೆ ಸೂತಕವಿಲ್ಲ, ಹೆಂಗಸರು ತಿಂಗಳ ದಿನದಲ್ಲೂ ಹೊರಗೆ ಕೂರಬೇಕಾಗಿಲ್ಲ. ಅಡುಗೆ ಮಾಡಬಹುದು, ಪೂಜೆಯನ್ನೂ ಮಾಡಬಹುದು. ಅಪ್ಪ ಬೇರೆ ಜಾತಿಯವರ ಮುಂದೆ ಇದನ್ನು ಎದೆಯುಬ್ಬಿಸಿ ಹೇಳುತ್ತಿದ್ದ. ಆದರೆ ಈ ಧರ್ಮ ನಮ್ಮ ಮನೆಯಲ್ಲಿ ಎರಡು ಪಾತ್ರೆಗಳನ್ನು ತಲುಪಿರಲಿಲ್ಲ. ಒಂದು ಉಪ್ಪಿನಕಾಯಿ ಜಾಡಿ, ಇನ್ನೊಂದು ಉಪ್ಪಿನ ಬಾನಿ. ಮುಟ್ಟಾದವರು ಅವೆರಡನ್ನು ಮುಟ್ಟುವ ಹಾಗಿರಲಿಲ್ಲ. ಲಿಂಗ ಮುಟ್ಟಬಹುದು, ಬಾನಿ ಮುಟ್ಟಬಾರದು. ಯಾಕೆ ಅಂತ ಯಾರೂ ಕೇಳಿರಲಿಲ್ಲ, ವಿಜ್ಞಾನ ಓದುತ್ತಿದ್ದ ನಾನೂ ಕೇಳಿರಲಿಲ್ಲ.

ನಾನಾಗ ಬಿಎಸ್ಸಿ ಎರಡನೇ ವರ್ಷ. ತರಗತಿಯಲ್ಲಿ ಮೂರೇ ಹುಡುಗಿಯರು, ಮುಂದಿನ ಬೆಂಚು ನಮಗೆ ಮೀಸಲು. ಬಾಟನಿ ಮೇಷ್ಟ್ರು ಜೀವದ ಹುಟ್ಟಿನ ಪಾಠ ಮಾಡಿದ್ದು ಶಿವರಾತ್ರಿಗೆ ಮುಂಚಿನ ವಾರ. ಪಾಠ ಅಂದರೆ ನೋಟ್ಸ್ ಬರೆಸುವುದು. ಆದರೆ ಅವತ್ತು ಯಾಕೋ ಪುಸ್ತಕ ಮುಚ್ಚಿಟ್ಟು ಮಾತಾಡಿದರು. ಭೂಮಿ ಹೊಸದಾಗಿದ್ದಾಗ ಸಮುದ್ರ ಕುದಿಯುತ್ತಿತ್ತಂತೆ. ಉಸಿರಾಡುವಂಥ ಗಾಳಿಯೇ ಇರಲಿಲ್ಲವಂತೆ. ಮೇಲಿಂದ ಸಿಡಿಲು, ಸುಡುವ ಬಿಸಿಲು. ಅಂಥ ನೀರು ಬೇಳೆಕಟ್ಟಿನ ಹಾಗೆ ಕದಡಿ ಕದಡಿ, ಕೋಟಿ ಕೋಟಿ ವರ್ಷ ಕುದ್ದು, ಅದರಲ್ಲಿ ಯಾವುದೋ ಒಂದು ಕಣ ತನ್ನಂಥದೇ ಇನ್ನೊಂದನ್ನು ಮಾಡಿಕೊಂಡಿತಂತೆ. ಹೊರದೇಶದಲ್ಲಿ ಗಾಜಿನ ಬುರುಡೆಯೊಳಗೆ ಆವಿ ತುಂಬಿ, ಅದಕ್ಕೆ ವಿದ್ಯುತ್ತಿನ ಕಿಡಿ ಹಾರಿಸಿ, ಜೀವಕ್ಕೆ ಬೇಕಾದ ಸಾಮಾನನ್ನು ತಯಾರಿಸಿಯೂ ನೋಡಿದ್ದಾರಂತೆ. ನನಗೆ ಮೈ ಜುಮ್ಮೆಂದಿತು. ಮಾರನೆಯ ದಿನ ಮತ್ತೆ ನೋಟ್ಸ್ ಶುರು: "ಅತಿ ಶಾಖ, ಅತಿ ಉಪ್ಪು, ಅತಿ ಆಮ್ಲದಲ್ಲಿ ಯಾವ ಜೀವಿಯೂ ಬದುಕುವುದಿಲ್ಲ." ನಾನು ಎದ್ದು ನಿಂತು, "ಸಾರ್, ನಿನ್ನೆ ಕುದಿಯೋ ಸಮುದ್ರದಲ್ಲೇ ಜೀವ ಹುಟ್ಟಿತು ಅಂದ್ರಲ್ಲ?" ಅಂತ ಕೇಳಿದೆ.

"ಅದು ಬೇರೆ ಚಾಪ್ಟರ್ ಕಣಮ್ಮ, ಕೂತ್ಕೋ" ಅಂದರು.

ಹುಡುಗರು ನಕ್ಕರು. ಕೂತೆ. ಅದೇ ನನ್ನ ಮೊದಲನೆಯ ಮತ್ತು ಕೊನೆಯ ಪ್ರಶ್ನೆ.

ಮನೆಗೆ ಬಂದು ಪಾಠವನ್ನೆಲ್ಲ ಅತ್ತಿಗೆಗೆ ಒಪ್ಪಿಸುವುದು ನನ್ನ ರೂಢಿ. ಅವಳು ನಾಲ್ಕನೇ ಕ್ಲಾಸಿಗೆ ಸ್ಲೇಟು ಬಿಟ್ಟವಳು. ರೊಟ್ಟಿ ಬಡಿಯುತ್ತಾ ಕೇಳುತ್ತಿದ್ದಳು, ಬಡಿಯುವ ಸದ್ದು ನಿಂತರೆ ಪಾಠ ಚೆನ್ನಾಗಿದೆ ಅಂತ ಲೆಕ್ಕ. ಕುದಿಯುವ ಸಮುದ್ರದ ಕತೆಗೆ ಸದ್ದು ಪೂರ್ತಿ ನಿಂತಿತು.

"ಹಂಗಾರೆ ಮೊದಲನೇ ಜೀವಕ್ಕೆ ಅವ್ವ ಇರಲಿಲ್ಲೇನು?"

"ಇರಲಿಲ್ಲ."

"ಪಾಪ. ಯಾರೂ ಹಡೀದೇನೇ ಹುಟ್ಟಿತು ಅಂತಾತು." ಹಂಚಿನ ಮೇಲೆ ರೊಟ್ಟಿ ಸೀದು ಹೋಗುತ್ತಿತ್ತು. ತಿರುವಿ ಹಾಕಿ, "ಇದನ್ನ ನಿಮ್ಮವ್ವಗೆ ಹೇಳಬ್ಯಾಡ ಮಾರಾಯ್ತಿ, ನನಗೂ ಹಂಗೇ ಒಂದು ಹುಟ್ಟಿಸ್ಕ ಅಂತಾಳ" ಅಂತ ನಕ್ಕಳು.

ಶಿವರಾತ್ರಿಯ ಹಿಂದಿನ ದಿನ ನಮಗೆ ಪ್ರಾಕ್ಟಿಕಲ್ ಇತ್ತು. ಈರುಳ್ಳಿಯ ಪೊರೆಗೆ ಗಟ್ಟಿ ಉಪ್ಪುನೀರು ಬಿಟ್ಟರೆ ಜೀವಕೋಶ ಹೇಗೆ ಮುದುಡಿಕೊಳ್ಳುತ್ತದೆ ಅಂತ ಸೂಕ್ಷ್ಮದರ್ಶಕದಲ್ಲಿ ನೋಡುವುದು. ಉಪ್ಪುನೀರು ನಾನು ತರುತ್ತೇನೆ ಅಂತ ಜಂಬದಿಂದ ಒಪ್ಪಿಕೊಂಡಿದ್ದೆ, ನಮ್ಮ ಮನೆಯಲ್ಲಿ ಬಾನಿಗಟ್ಟಲೆ ಇತ್ತಲ್ಲ. ಬೆಳಗ್ಗೆ ಹೊತ್ತಾಗಿತ್ತು. ಖಾಲಿ ಶಾಯಿ ಬಾಟ್ಲಿ ಹಿಡಿದು ಹಿತ್ತಲಿಗೆ ಓಡಿ, ಬಾನಿಯ ಮುಚ್ಚಳ ಸರಿಸಿ, ಮೊಣಕೈವರೆಗೆ ಕೈ ಇಳಿಸಿ ತುಂಬಿಕೊಂಡೆ. ಅವತ್ತು ನನ್ನ ಮುಟ್ಟಿನ ಎರಡನೆಯ ದಿನ. ಕೈ ಒದ್ದೆಯಾದ ಮೇಲೆ ನೆನಪಾಯಿತು. ಸುತ್ತ ನೋಡಿದೆ, ಯಾರೂ ಕಾಣಲಿಲ್ಲ. ಕೈ ಒರೆಸಿಕೊಂಡು ಕಾಲೇಜಿಗೆ ಓಡಿದೆ. ಈರುಳ್ಳಿಯ ಕೋಶಗಳು ಮೇಷ್ಟ್ರು ಹೇಳಿದ ಹಾಗೇ ಮುದುಡಿ ಸತ್ತವು. ಉಳಿದ ಉಪ್ಪುನೀರು ಬಾಟ್ಲಿಯಲ್ಲೇ ಲ್ಯಾಬಿನ ಬಿಸಿಲು ಬೀಳುವ ಕಿಟಕಿಯಲ್ಲಿ ಉಳಿಯಿತು.

ಮೂರು ವಾರ ಆಗಿರಬೇಕು. ಆ ವರ್ಷ ಬಿಸಿಲು ಬೇಗ ಬಂದಿತ್ತು. ಒಂದು ಬೆಳಗ್ಗೆ ಖಾದರ್ ಸಾಬರು ಅಪ್ಪನನ್ನು ಹಿತ್ತಲಿಗೆ ಕರೆದರು. ಹಿಂದಿನ ದಿನ ಹುರಿದ ಮಂಡಕ್ಕಿಗೆ ಒಂಥರಾ ಮುಗ್ಗು ವಾಸನೆ ಬಂದು, ಚಿತ್ರದುರ್ಗದ ಅಂಗಡಿಯವರು ಚೀಲಗಳನ್ನು ಇಳಿಸಿಕೊಳ್ಳದೆ ವಾಪಸ್ಸು ಕಳಿಸಿದ್ದರು. ಬಾನಿಯ ಮುಚ್ಚಳ ತೆಗೆದರೆ ಒಳಗಿನ ನೀರು ಕೆಂಪಗಿತ್ತು. ಕುಂಕುಮ ಕದಡಿದ ಹಾಗೆ ಅಂದರೆ ಚೆಂದದ ಮಾತಾಯಿತು. ಅವ್ವ ಬಗ್ಗಿ ನೋಡಿದಳು, ಅವಳಿಗೆ ಕಂಡಿದ್ದು ಬೇರೆ.

"ಹಾಲಮ್ಮ, ನಿನ್ನ ದಿನ ಯಾವತ್ತಿತ್ತು?" ಅಂತ ಅಪ್ಪ, ಅಣ್ಣ, ಖಾದರ್ ಸಾಬರು ಎಲ್ಲರೂ ನಿಂತಿದ್ದ ಹಾಗೆಯೇ ಕೇಳಿದಳು.

ಅತ್ತಿಗೆ ಒಂದು ಹೆಜ್ಜೆ ಮುಂದೆ ಬಂದಳು. "ಆ ದಿನದಾಗ ನಾ ಬಾನಿ ಹತ್ರನೂ ಹೋಗಿಲ್ಲ ಅತ್ತಿ. ಕೊರಳಾಗಿನ ಲಿಂಗ ಹಿಡ್ಕಂಡು ಹೇಳ್ತೀನಿ" ಅಂದಳು. ಕೈ ಆಗಲೇ ಎದೆಯ ಮೇಲಿತ್ತು.

"ಲಿಂಗ ಹಿಡ್ಕಂಡ್ರೆ ನೀರು ಬೆಳ್ಳಗಾಗತೈತೇನು?"

ಖಾದರ್ ಸಾಬರು ಮೆಲ್ಲಗೆ ಅಂದರು. "ಮಾಲಕ್ರೆ, ತಪ್ಪು ತಿಳೀಬ್ಯಾಡ್ರಿ. ನಮ್ಮ ಅಬ್ಬಾ ಸಮುದ್ರದ ಕಡೆ ಉಪ್ಪಿನ ಆಗರದಾಗ ಕೂಲಿ ಮಾಡಿದೋರು. ಬಿಸಿಲು ಜೋರಾದ್ರೆ ಉಪ್ಪುನೀರು ತಾನಾಗೇ ಕೆಂಪಾಗತೈತೆ, ಕೆಂಪಾದ ಮ್ಯಾಲೇ ಉಪ್ಪು ಕಟ್ಟೋದು ಅಂತಿದ್ರು. ಯಾರು ಮುಟ್ಟಿದ್ದೂ ಅಲ್ಲ ಇದು."

ಅಪ್ಪ ಅನುಮಾನಿಸುತ್ತಾ ನಿಂತ. ಆಗ ಅತ್ತಿಗೆ ನನ್ನ ಕಡೆ ತಿರುಗಿದಳು. ಬಿಟ್ಟ ಕಣ್ಣು ಬಿಟ್ಟ ಹಾಗೆ ನನ್ನನ್ನೇ ನೋಡುತ್ತಾ, "ಮಂಗಳಾ, ನೀ ಓದಿದಾಕಿ. ನೀ ಹೇಳು. ಉಪ್ಪುನೀರು ಹೆಂಗೆ ಕೆಂಪಾತು?" ಅಂದಳು.

ಎಲ್ಲರೂ ನನ್ನನ್ನು ನೋಡಿದರು. ಆ ಮನೆಯಲ್ಲಿ ಎಲ್ಲರೂ ನನ್ನ ಮಾತಿಗೆ ಕಾದಿದ್ದು ಅದೇ ಮೊದಲು. ನನ್ನ ತಲೆಯಲ್ಲಿದ್ದಿದ್ದು ಒಂದೇ, ಬಾನಿಯೊಳಗೆ ಮೊಣಕೈವರೆಗೆ ಇಳಿದ ನನ್ನ ಕೈ. ನಾಚಿಕೆಯ ಮಾತು ಹೇಳುತ್ತೇನೆ, ಕುದಿಯುವ ಸಮುದ್ರದ ಪಾಠ ಓದಿದ ನಾನು, ಆ ಕ್ಷಣ, ನನ್ನ ಮುಟ್ಟಿನಿಂದಲೇ ನೀರು ಕೆಂಪಾಯಿತು ಅಂತ ನಂಬಿದ್ದೆ. ಅವ್ವನಷ್ಟೇ ಗಟ್ಟಿಯಾಗಿ ನಂಬಿದ್ದೆ. ನಂಬಿಕೆ ಅವ್ವನದು, ಬಾಯಿ ಮಾತ್ರ ಮೇಷ್ಟ್ರದು. "ಅತಿ ಉಪ್ಪಿನಲ್ಲಿ ಯಾವ ಜೀವಿಯೂ ಬದುಕಲ್ಲ. ಅದು ತಾನಾಗೇ ಕೆಂಪಾಗೋಕೆ ಸಾಧ್ಯ ಇಲ್ಲ. ಹೊರಗಿಂದ ಏನಾದರೂ ಸೇರಿರಬೇಕು" ಅಂದೆ. ನೋಟ್ಸ್ ಒಪ್ಪಿಸಿದ ಹಾಗೆ, ಒಂದಕ್ಷರ ತಪ್ಪದೆ ಹೇಳಿದೆ.

"ಕೇಳಿದ್ರಾ? ಕಾಲೇಜು ಓದೋ ಹುಡುಗೀನೇ ಹೇಳ್ತು" ಅಂದಳು ಅವ್ವ.

ಖಾದರ್ ಸಾಬರು ಒಲೆಯ ಕಡೆ ಹೋದರು. ಅತ್ತಿಗೆ ನನ್ನ ಮುಖದಿಂದ ಕಣ್ಣು ತೆಗೆದು ಬಾನಿಯ ಕಡೆ ನೋಡಿದಳು, ಅಷ್ಟೇ. ಮಧ್ಯಾಹ್ನ ಬಾನಿ ಒಡೆಸಿದರು. ಆ ವಾರದಲ್ಲೇ ಅಣ್ಣ ಅವಳನ್ನು ಹರಿಹರಕ್ಕೆ ಬಿಟ್ಟು ಬಂದ. ನಾಲ್ಕು ದಿನ ತವರಲ್ಲಿ ಇರಲಿ ಅಂತ ಹೇಳಿ ಕಳಿಸಿದ್ದು. ತವರಿಗೆ ಹೋದ ಸೊಸೆ ಗಂಡನ ಮನೆಯವರು ಕರೆಯಲು ಬಂದರೇ ವಾಪಸ್ಸು ಬರಬೇಕು, ತಾನಾಗಿ ಬರುವ ಹಾಗಿಲ್ಲ. ಯುಗಾದಿ ಬಂತು, ಕರೆಯಲು ಯಾರೂ ಹೋಗಲಿಲ್ಲ. ಅಣ್ಣ ಕೆಟ್ಟವನಲ್ಲ, ಆದರೆ ಅವ್ವನ ಮುಂದೆ ಬೆನ್ನುಮೂಳೆ ಇಲ್ಲದವನು. ಬೇವುಬೆಲ್ಲ ಹಂಚುವಾಗ ಅವ್ವ ಲೋಕಿಕೆರೆಯ ಒಂದು ಹುಡುಗಿಯ ಸುದ್ದಿ ತೆಗೆದಳು. ಅಣ್ಣ ತಲೆ ಬಗ್ಗಿಸಿ ಬೇವು ಅಗಿಯುತ್ತಿದ್ದ.

ಪರೀಕ್ಷೆಗೆ ಹತ್ತು ದಿನ ಇರುವಾಗ ಲ್ಯಾಬು ಚೊಕ್ಕ ಮಾಡಲು ನಮ್ಮನ್ನು ಹಚ್ಚಿದರು. ಕಿಟಕಿಯಲ್ಲಿ ನನ್ನ ಶಾಯಿ ಬಾಟ್ಲಿ ಹಾಗೇ ಕೂತಿತ್ತು. ಒಳಗಿನ ನೀರು ಕೆಂಪಗಾಗಿತ್ತು. ನನ್ನ ಮೈಲಿಗೆ ಇಲ್ಲಿಗೂ ಬಂತಲ್ಲಪ್ಪಾ ಅಂತಲೇ ಮೊದಲು ಅನಿಸಿದ್ದು. ಕೊನೆಗೆ ಏನು ಧೈರ್ಯ ಬಂತೋ, ಒಂದು ಹನಿ ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟೆ. ಕಡ್ಡಿ ಕಡ್ಡಿಯಂಥ ಸಣ್ಣ ಸಣ್ಣ ಜೀವಗಳು. ಒಂದೆರಡಲ್ಲ, ಲೆಕ್ಕವಿಲ್ಲದಷ್ಟು. ಕೆಲವು ತೆವಳುವ ಹಾಗೆ ಅತ್ತಿತ್ತ ಹೋಗುತ್ತಿದ್ದವು. ಈರುಳ್ಳಿಯನ್ನು ಕೊಂದ ಅದೇ ಉಪ್ಪಿನಲ್ಲಿ ಅವು ಸಂಸಾರ ಹೂಡಿದ್ದವು. ಕಲ್ಲುಪ್ಪಿನ ಜೊತೆಗೇ ಸಮುದ್ರದಿಂದ ಬಂದು, ಬಿಸಿಲು ಕಾದು, ಎದ್ದು ಕೂತಿದ್ದವು. ಖಾದರ್ ಸಾಬರ ಅಬ್ಬಾ ಹೇಳಿದ್ದು ನಿಜವಾಗಿತ್ತು.

ಓಡಿಹೋಗಿ ಮೇಷ್ಟ್ರನ್ನು ಕರೆದೆ. ಅವರು ಬರುವಷ್ಟರಲ್ಲಿ ಇನ್ನೂ ಚೆನ್ನಾಗಿ ಕಾಣಲಿ ಅಂತ ಹನಿಗೆ ಒಂದಿಷ್ಟು ಸಿಹಿನೀರು ಬೆರೆಸಿದೆ. ನಾವು ಹಾಗೆ ತಾನೆ ಕಲಿತಿದ್ದು, ಗಟ್ಟಿಯಿದ್ದರೆ ನೀರು ಬೆರೆಸು ಅಂತ. ಮೇಷ್ಟ್ರು ಬಗ್ಗಿ ನೋಡಿದರು. "ಏನಿದೆಯಮ್ಮ ಇಲ್ಲಿ? ಏನೂ ಇಲ್ಲ" ಅಂದರು. ನಾನು ನೋಡಿದೆ. ಏನೂ ಇರಲಿಲ್ಲ. ಕುಡಿಯುವ ನೀರು ತಗುಲಿದ ಕೂಡಲೇ ಅವು ಒಡೆದು ಕರಗಿಹೋಗಿದ್ದವು. ಬಾಟ್ಲಿ ತೋರಿಸಿ, ಇನ್ನೊಂದು ಹನಿ ಇಡುತ್ತೇನೆ ಸಾರ್ ಅಂದೆ. "ಪರೀಕ್ಷೆ ಹತ್ರ ಬಂತು. ಪುಸ್ತಕದಲ್ಲಿ ಇಲ್ಲದ್ದನ್ನೆಲ್ಲ ನೋಡ್ತಾ ಕೂತ್ಕೋಬೇಡ" ಅಂತ ಹೊರಟುಹೋದರು. ಎಷ್ಟೋ ವರ್ಷದ ಮೇಲೆ, ನಾನೇ ಹೈಸ್ಕೂಲಿನಲ್ಲಿ ಮೇಡಮ್ ಆಗಿದ್ದಾಗ, ಕುದಿಯುವ ಬುಗ್ಗೆಯಲ್ಲೂ ಕಡು ಉಪ್ಪಿನಲ್ಲೂ ಬದುಕುವ ಜೀವಿಗಳ ಪಾಠ ಪುಸ್ತಕಕ್ಕೆ ಬಂತು. ಭೂಮಿಯ ಬಹಳ ಹಳೆಯ ವಂಶ ಅವುಗಳದು ಅಂತ ಬರೆದಿದ್ದರು. ಆ ಪುಟವನ್ನು ನಾನು ಓದಿ ಹೇಳಲಾರದೆ ಹುಡುಗಿಯೊಬ್ಬಳ ಕೈಲಿ ಓದಿಸುತ್ತಿದ್ದೆ.

ಅವತ್ತೇ ಮನೆಗೆ ಹೋಗಿ ಹೇಳಬಹುದಿತ್ತು. ಬಾಟ್ಲಿ ಎಲ್ಲಿಂದ ಬಂತು, ಯಾವತ್ತು ತುಂಬಿದೆ ಅಂತ ಅವ್ವ ಕೇಳುತ್ತಾಳೆ. ಪರೀಕ್ಷೆ ಮುಗಿಯಲಿ ಅಂದುಕೊಂಡೆ. ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು, ಜೀವಿಗಳು ಬದುಕಲಾರದ ಪರಿಸ್ಥಿತಿಗಳು ಯಾವುವು ಅಂತ. ಅತಿ ಶಾಖ, ಅತಿ ಉಪ್ಪು, ಅತಿ ಆಮ್ಲ ಅಂತ ದುಂಡಗೆ ಬರೆದು ಅಡಿಗೆರೆ ಎಳೆದೆ. ಅದೇ ಸುಳ್ಳನ್ನು ಎರಡನೇ ಸಲ ಹೇಳಿದ್ದು ಹೀಗೆ, ಈ ಸಲ ಕಣ್ಣಾರೆ ಕಂಡ ಮೇಲೆ.

ಪರೀಕ್ಷೆ ಮುಗಿದ ಮಾರನೆಯ ದಿನ ಗೆಳತಿಯ ಮನೆಗೆ ಅಂತ ಹೇಳಿ ಹರಿಹರದ ಬಸ್ಸು ಹತ್ತಿದೆ. ಚೀಲದಲ್ಲಿ ಬಾಟ್ಲಿ ಇತ್ತು. ದಾರಿಯ ಬಾತಿ ಊರು ದಾಟುವವರೆಗೂ ಹೇಳಬೇಕಾದ ಮಾತನ್ನು ಮನಸ್ಸಲ್ಲೇ ತಿದ್ದುತ್ತಿದ್ದೆ. ಹೊಳೆಯ ಕಡೆಯ ಓಣಿಯಲ್ಲಿ ಅವಳ ತವರು. ಅಂಗಳದಲ್ಲಿ ಶಾವಿಗೆ ಮಣೆಯ ಮೇಲೆ ಕೂತು ಅತ್ತಿಗೆ ಊರವರ ಮನೆಗಳಿಗೆ ಶಾವಿಗೆ ಹೊಸೆಯುತ್ತಿದ್ದಳು. ಕೋಲುಗಳ ಮೇಲೆ ಎಳೆಗಳು ಬಿಸಿಲಿಗೆ ಒಣಗುತ್ತಿದ್ದವು. ನನ್ನನ್ನು ನೋಡಿ ಎದ್ದಳು. ನನ್ನ ಹಿಂದೆ ಬಾಗಿಲ ಕಡೆ ಇಣುಕಿದಳು.

"ಒಬ್ಬಳೇ ಬಂದ್ಯಾ?"

"ಹೂಂ."

"ಕೂಡು. ನೀರು ಕುಡಿ" ಅಂದಳು, ಮತ್ತೆ ಮಣೆಯ ಮೇಲೆ ಕೂತಳು.

ಬಾಟ್ಲಿ ತೆಗೆದು ಕೊಟ್ಟೆ. ಬಾನಿಗೆ ಕೈ ಹಾಕಿದ್ದು ಯಾವ ದಿನ ಅನ್ನುವುದೊಂದನ್ನು ಬಿಟ್ಟು ಎಲ್ಲ ಹೇಳಿದೆ. ಹನಿಯಲ್ಲಿ ಕಂಡಿದ್ದು, ಸಿಹಿನೀರಿಗೆ ಕರಗಿದ್ದು. ಹೊಸೆಯುವ ಕೈ, ಹಿಂದೆ ರೊಟ್ಟಿ ಬಡಿಯುವಾಗ ನಿಲ್ಲುತ್ತಿದ್ದ ಹಾಗೇ, ನಿಂತಿತು. ಬಾಟ್ಲಿಯನ್ನು ಬಿಸಿಲಿಗೆ ಹಿಡಿದು ನೋಡಿದಳು.

"ಇಷ್ಟು ಉಪ್ಪಿನಾಗ ಜೀವ ಅದಾವಾ?"

"ಅದಾವೆ."

"ಭಾಳ ಗಟ್ಟಿ ಜೀವ ಬಿಡು."

"ಅತ್ತಿಗೆ, ನಾನು ಮನೇಲಿ ಹೇಳ್ತೀನಿ. ಅದು ನಿನ್ನಿಂದ ಆಗಿದ್ದಲ್ಲ ಅಂತ ಅಪ್ಪಗೂ ಅವ್ವಗೂ ತೋರಿಸ್ತೀನಿ. ಅಣ್ಣನ್ನ ಕಳಿಸ್ತೀನಿ. ಲೋಕಿಕೆರೆ ಮಾತು ಇನ್ನೂ ಪಕ್ಕಾ ಆಗಿಲ್ಲ."

"ಈ ಬಾಟ್ಲಿ ನೀರು ಯಾರು ತುಂಬಿದ್ದು ಅಂತ ಕೇಳಿದರೆ?"

ಅವಳು ಬಾಟ್ಲಿಯನ್ನು ಕಟ್ಟೆಯ ಮೇಲೆ ಮೆಲ್ಲಗೆ ಇಟ್ಟಳು.

"ಶಿವರಾತ್ರಿ ಹಿಂದಿನ ದಿನ ನೀ ಬಾನಿಗೆ ಬಗ್ಗಿದ್ದನ್ನ ನಾ ನೋಡೀನಿ ಮಂಗಳಾ, ಅಡಿಗಿ ಮನಿ ಕಿಟಕಿಯಾಗಿಂದ. ಅವತ್ತು ನಿನ್ನ ಅರಿವಿ ಒಗೆದು ಹಾಕಿದಾಕಿನೂ ನಾನೇ ಅಲ್ಲೇನು?"

"ಗೊತ್ತಿತ್ತಾ? ಮತ್ತೆ ಅವ್ವನ ಮುಂದೆ ಯಾಕ ಹೇಳಲಿಲ್ಲ?"

"ಹೇಳಿದ್ರೆ ಮರುದಿನಾನೇ ನಿನ್ನ ಕಾಲೇಜು ಬಿಡಿಸ್ತಿದ್ರು. ಆ ಸಮುದ್ರದ ಕತಿ ಹೇಳಾಕೆ ಮನಿಯಾಗ ಇನ್ಯಾರಿದ್ರು?" ಅಂದಳು. ಒಂದು ಎಳೆ ಹೊಸೆದು ಕೋಲಿಗೆ ಹಾಕಿದಳು. "ನಾ ಹೇಳಬಾರದು, ನೀನೇ ಹೇಳ್ತಿ ಅಂದ್ಕಂಡಿದ್ದೆ. ಅದಕ್ಕೇ ಎಲ್ಲಾರ ಮುಂದೆ ನಿನ್ನ ಕೇಳಿದ್ದು."

ನಾನು ಅಂದುಕೊಂಡಿದ್ದೆ, ಅವತ್ತು ಅವಳು ನನ್ನ ಹತ್ತಿರ ಬೇಡುತ್ತಿದ್ದಳು ಅಂತ. ಅವಳು ನನಗೆ ಬಾಗಿಲು ತೆಗೆದು ನಿಂತಿದ್ದಳು.

ಹೊರಡುವಾಗ ಒಂದು ಕಟ್ಟು ಶಾವಿಗೆ ಸುತ್ತಿ ಚೀಲಕ್ಕೆ ಹಾಕಿದಳು. ಬಾಟ್ಲಿ ಅಲ್ಲೇ ಉಳಿಯಿತು, ಅವಳೂ ಕೊಡಲಿಲ್ಲ, ನಾನೂ ಕೇಳಲಿಲ್ಲ. "ಅಣ್ಣನ್ನ ಕಳಿಸ್ತೀನಿ" ಅಂತ ಬಾಗಿಲಲ್ಲಿ ನಿಂತು ಮತ್ತೊಮ್ಮೆ ಹೇಳಿದೆ. ಆಗಲಿ ಅಂತ ತಲೆಯಾಡಿಸಿದಳು. ನಂಬಿದಳೋ ಇಲ್ಲವೋ ಗೊತ್ತಿಲ್ಲ.

ಮನೆಗೆ ಬಂದು ನಾಳೆ ಹೇಳುತ್ತೇನೆ ಅಂದುಕೊಂಡೆ. ನಾಳೆ ಬಂತು, ನಾಡಿದ್ದೂ ಬಂತು. ಲೋಕಿಕೆರೆಯ ಹುಡುಗಿಯ ಕಡೆಯವರು ಬಂದು ಹೋದರು, ವೀಳ್ಯ ಬದಲಾಯಿಸಿಕೊಂಡರು. ಆಮೇಲೆ ರಿಸಲ್ಟ್ ಬಂತು. ಬಾಟನಿಯಲ್ಲಿ ಕಾಲೇಜಿಗೇ ಮೊದಲು ನಾನು. ಅಪ್ಪ ಓಣಿಗೆಲ್ಲ ಹೇಳಿಕೊಂಡು ಬಂದ. ಸಿಹಿ ಏನಾದರೂ ಮಾಡಬೇಕು ಅಂತ ಅವ್ವ ಡಬ್ಬಿಗಳನ್ನು ಹುಡುಕಿದಳು.

"ಈ ಶಾವಿಗಿ ಎಲ್ಲಿಂದು? ಎಷ್ಟು ಸಣ್ಣಗೈತೆ ನೋಡು ಎಳೆ" ಅಂದಳು.

"ಗೆಳತಿ ಮನೇಲಿ ಕೊಟ್ಟರು" ಅಂದೆ.

ಅದರಲ್ಲೇ ಪಾಯಸ ಮಾಡಿದಳು. ಚೆನ್ನಾಗಿತ್ತು. ನಾನು ಎರಡು ಸಲ ಹಾಕಿಸಿಕೊಂಡು ತಿಂದೆ.